ರಾಮಲಿಂಗ ಮಾವನ ಆಟದ ಪೆಟ್ಟಿಗೆಗಳು

ನಮ್ಮ ರಾಮಲಿಂಗ ಮಾವನಷ್ಟು ಕೆಟ್ಟದಾಗಿ ವಿಡಿಯೋ ಗೇಮ್ ಆಡುವವರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಆಕಾಶನೌಕೆಯ ಆಟವಾದರೆ ಮೊದಲು ಎದುರಾದ ಬಂಡೆಗೇ ಹೋಗಿ ಗುದ್ದುತ್ತಿದ್ದರು. ಕಾರಿನ ಆಟವಾದರೆ ಮೊದಲ ತಿರುವಿನಲ್ಲೇ ಹಳ್ಳ. ಹೊಡೆದಾಟದ ಆಟದಲ್ಲಂತೂ ಎದುರಾಳಿ ಇನ್ನೂ ಕೈ ಎತ್ತುವ ಮುಂಚೆ ಇವರು ಹೇಗೋ ಅಂಗಾತ ಬಿದ್ದಿರುತ್ತಿದ್ದರು. ಸತ್ತದ್ದಕ್ಕೆ ಬೇಸರವೇನೂ ಇಲ್ಲ. ಲುಂಗಿ ಎತ್ತಿ ಕಟ್ಟಿ, ಒಂದು ಹೆಜ್ಜೆ ಹಿಂದೆ ಸರಿದು, ಯಂತ್ರವನ್ನು ಅಡಿಯಿಂದ ನೆತ್ತಿಯವರೆಗೆ ನೋಡಿ, “ನಲ್ಲಾ ಆಟ ಇದು” ಅನ್ನುತ್ತಿದ್ದರು. ಸೋತವರು ಆಟವನ್ನು ಹೊಗಳುವುದನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡದ್ದು ಅವರೊಬ್ಬರಲ್ಲೇ.

ಇಂಥವರ ಹತ್ತಿರ ಒಂದು ಗುಡೋನ್ ತುಂಬ ಆಟದ ಯಂತ್ರಗಳಿದ್ದವು. ಮೊಬೈಲು, ಕಂಪ್ಯೂಟರು ಅಂದುಕೊಳ್ಳಬೇಡಿ. ಆಳೆತ್ತರದ ಪೆಟ್ಟಿಗೆಗಳು. ಎದೆಮಟ್ಟದಲ್ಲಿ ಹಿಡಿದು ಎಳೆದಾಡುವ ಕೋಲು, ಪಕ್ಕದಲ್ಲಿ ದಪ್ಪ ಗುಂಡಿಗಳು, ಅದರ ಮೇಲೆ ಹಳೇ ಟೀವಿಯ ಉಬ್ಬು ಗಾಜು, ನೆತ್ತಿಯಲ್ಲಿ ದೀಪ ಹತ್ತುವ ಹೆಸರಿನ ಹಲಗೆ, ಎರಡು ಪಕ್ಕೆಗಳಲ್ಲೂ ಕಣ್ಣು ಕುಕ್ಕುವ ಚಿತ್ರ. ನಾಣ್ಯ ಹಾಕಿದರೆ ಆಟ ಶುರು. ನಮ್ಮಮ್ಮ ಕಾಲೇಜಿಗೆ ಹೋಗುವ ಕಾಲಕ್ಕೆ ಕೊಯಮತ್ತೂರಿನ ಗಾಂಧಿಪುರದ ಸಂದುಗಳಲ್ಲಿ ಇಂಥ ಯಂತ್ರಗಳ ಅಂಗಡಿಗಳಿದ್ದವಂತೆ. ಮನೆಮನೆಗೆ ಕಂಪ್ಯೂಟರ್ ಬಂದ ಮೇಲೆ ಒಂದೊಂದೇ ಬಾಗಿಲು ಹಾಕಿದವು. ಎಲ್ಲಿ ಅಂಗಡಿ ಮುಚ್ಚುತ್ತದೆ ಅಂತ ಸುದ್ದಿ ಬಂದರೂ ಗುಜರಿಯವರಿಗಿಂತ ಮೊದಲು ನಮ್ಮ ಮಾವನ ಟೆಂಪೋ ಅಲ್ಲಿ ನಿಂತಿರುತ್ತಿತ್ತು. ಮದುಕ್ಕರೈಯಿಂದ ಒಂದನ್ನು ತಂದರು, ತಿರುಪ್ಪೂರಿನಿಂದ ಒಂದೆರಡು, ಪಾಲಕ್ಕಾಡಿನ ದಾರಿಯಲ್ಲೆಲ್ಲೋ ಹೋಟೆಲಿನ ಹಿತ್ತಲಲ್ಲಿ ಕೋಳಿಗಳು ಮಲಗುತ್ತಿದ್ದ ಇನ್ನೊಂದನ್ನು.

ಮಾವ ನನ್ನ ಅಮ್ಮನ ಅಣ್ಣ. ಅವರು ಹೋಗಿ ವರ್ಷ ತುಂಬುತ್ತಾ ಬಂತು.

ನಮ್ಮದು ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ನೇಯ್ಗೆಯವರ ಮನೆ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಒಳಗಿನ ಕನ್ನಡದಲ್ಲೂ ತಮಿಳು ಚಪ್ಪಲಿ ಹಾಕಿಕೊಂಡೇ ಓಡಾಡುತ್ತದೆ. ಮಗ್ಗಕ್ಕೆ ನಾವು ತರಿ ಅನ್ನುತ್ತೇವೆ, ಕರೆಂಟಿನ ಮಗ್ಗಗಳನ್ನು ಸಾಲಾಗಿ ಹಾಕಿದ ಉದ್ದನೆಯ ಶೆಡ್ಡಿಗೆ ತರಿ ಗುಡೋನ್. ಕನ್ನಡ ಅಕ್ಷರ ಮಾವನಿಗೆ ಬರುತ್ತಿರಲಿಲ್ಲ. ನಾನು ಕಾಲೇಜಿಗೆ ಬಂದ ಮೇಲೆ ಹಟಕ್ಕೆ ಬಿದ್ದು ಕಲಿತೆ. “ಕಲಿತು ಯಾರ ಹತ್ರ ಜಗಳ ಆಡ್ತೀಯ? ತಮಿಳಲ್ಲಿ ಆಳು ಸಿಗ್ಲಿಲ್ವಾ?” ಅಂದಿದ್ದರು.

ಮಾವನ ತರಿಗಳು ಒಂದು ಕಾಲಕ್ಕೆ ಹಗಲೂ ರಾತ್ರಿ ಓಡಿದವು. ಆಮೇಲೆ ಕೂಲಿ ನೇಯ್ಗೆಯಲ್ಲಿ ಏನೂ ಗಿಟ್ಟದೆ, ಊರಲ್ಲಿ ಎಷ್ಟೋ ಜನ ಮಾಡಿದ ಹಾಗೆ, ತರಿಗಳನ್ನು ಕಬ್ಬಿಣದ ತೂಕಕ್ಕೆ ಕೊಟ್ಟರು. ಬೇರೆಯವರು ಖಾಲಿ ಗುಡೋನನ್ನು ಬಾಡಿಗೆಗೆ ಬಿಟ್ಟರೆ ಇವರು ಅದುವರೆಗೆ ಮನೆಯ ಜಗಲಿ, ಹಿತ್ತಲು, ಅಟ್ಟದಲ್ಲಿ ತುಂಬಿಟ್ಟಿದ್ದ ಪೆಟ್ಟಿಗೆಗಳನ್ನೆಲ್ಲ ತಂದು ತರಿಗಳ ಜಾಗದಲ್ಲೇ ನಿಲ್ಲಿಸಿದರು. ಅತ್ತೆಗೆ ಮೊದಮೊದಲು ಸಿಟ್ಟು. “ತರಿ ಸದ್ದಿಗೆ ನಿದ್ದೆ ಬರ್ತಿತ್ತು. ಈಗ ಈ ಕುಂಯ್ ಕುಂಯ್‌ಗೆ ಎಚ್ಚರ ಆಗ್ತದೆ” ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಭಾನುವಾರ ಗುಡೋನ್ ತೆರೆದಾಗ ಬಂದವರಿಗೆಲ್ಲ ಟೀ ಕಳಿಸುತ್ತಿದ್ದವರೂ ಅವರೇ.

ಆಡಲು ಬಾರದವರು ಇದನ್ನೆಲ್ಲ ಯಾಕೆ ಕೂಡಿಟ್ಟರು? ಕೇಳದೇ ಬಿಡುವವಳಲ್ಲ ನಾನು. ಮಾವ ಹೇಳಿದ್ದು ಇಷ್ಟು. ನಮ್ಮ ಕಡೆ ನೇಯುವುದು ಕಾಡಾ ಬಟ್ಟೆ, ಅಂದರೆ ಬಣ್ಣ ಹಾಕದ, ಬಿಳಿಯೂ ಅಲ್ಲದ ಮಸುಕು ಬಟ್ಟೆ. ಅದಕ್ಕೆ ಬಣ್ಣ ಬೀಳುವುದು ಬೇರೆ ಊರಲ್ಲಿ, ನೇಯ್ದವನ ಕಣ್ಣಿಗೆ ಬೀಳುವುದಿಲ್ಲ. “ವಾರ ಪೂರಾ ಗಂಜಿ ಕಲರ್ ನೋಡಿ ನೋಡಿ, ರಜಾ ದಿನ ಗಾಂಧಿಪುರಕ್ಕೆ ಹೋದ್ರೆ ಆ ಅಂಗಡಿಲಿ ಈ ಪೆಟ್ಟಿಗಳು ಸಾಲಾಗಿ ನಿಂತಿರ್ತಿದ್ವು. ನೀಲಿ ಅಂದ್ರೆ ನೀಲಿ, ಸೆಗಪ್ಪು ಅಂದ್ರೆ ಸೆಗಪ್ಪು. ಆಟ ಯಾರಿಗೆ ಬೇಕಿತ್ತು? ನಾ ಪಕ್ಕದಲ್ಲಿ ನಿಂತು ಪೆಟ್ಟಿ ನೋಡ್ತಿದ್ದೆ. ಅಂಗಡಿಯವ್ನು ಕಳ್ಳ ಅಂತ ಎರಡು ಸಲ ಓಡ್ಸಿದಾನೆ.” ಸೆಗಪ್ಪು ಅಂದರೆ ಕೆಂಪು. ಆ ಬಣ್ಣದ ಹೆಸರನ್ನು ಅವರು ತಮಿಳಿನಲ್ಲೇ ಹೇಳುತ್ತಿದ್ದರು, ಕನ್ನಡದಲ್ಲಿ ಅಷ್ಟು ಕೆಂಪಾಗಿ ಕೇಳುವುದಿಲ್ಲವೇನೋ ಅನ್ನುವ ಹಾಗೆ.

ಗುಡೋನಿಗೆ ಮಾವನದೇ ಕಾನೂನು. ಕೂತು ಆಡುವಂತಿಲ್ಲ. ಪೆಟ್ಟಿಗೆಯ ಮೇಲೆ ಟೀ ಲೋಟ ಇಡುವಂತಿಲ್ಲ. ಸೋತವರು ಪೆಟ್ಟಿಗೆಯ ಪಕ್ಕೆಗೆ ಅಂಗೈ ಬಿಚ್ಚಿ ಒಂದೇ ಒಂದು ಏಟು ಹೊಡೆಯಬಹುದು, ಅದಕ್ಕಿಂತ ಹೆಚ್ಚಿಲ್ಲ. ಇನ್ನು ಪೆಟ್ಟಿಗೆಯನ್ನು ಇದ್ದ ಜಾಗದಿಂದ ಯಾರೂ ಒಂದು ಬೆರಳಿನಷ್ಟೂ ಜರುಗಿಸಕೂಡದು. ಹಳೇ ಗಾಜಿನ ಟೀವಿಯನ್ನು ತಿರುಗಿಸಿದರೆ ಬಣ್ಣ ಕಲಸಿಹೋಗುತ್ತದೆ ಅಂತ ಯಾರೋ ಮೆಕ್ಯಾನಿಕ್ ಹೇಳಿದ್ದನಂತೆ, ಅದು ನಿಜವೂ ಹೌದು. ಹಾಗಾಗಿ ಪೆಟ್ಟಿಗೆ ತಂದು ನಿಲ್ಲಿಸಿದರೆ ನಿಲ್ಲಿಸಿದ ಹಾಗೇ. ಹಿಂದಿನ ಬಾಗಿಲು ತೆಗೆದು ಪಂಜು, ಅಂದರೆ ಹತ್ತಿಯ ಧೂಳು, ಒರೆಸುವುದು. ಕೋಲು ಸಡಿಲವಾದರೆ ಕುರಿಚಿಯ ಲೇತ್ ಶಾಪಿನಲ್ಲಿ ಹೊಸ ಕಡ್ಡಿ ಕಡೆಸುವುದು. ಹುಡುಗರ ಕಾಲಿನ ಒದೆತಕ್ಕೆ ಹಲಗೆ ಕಿತ್ತುಬರಬಾರದು ಅಂತ ಪ್ರತಿಯೊಂದರ ಬುಡಕ್ಕೂ ಸುತ್ತ ತಗಡು ಹೊಡೆದು ಕಪ್ಪು ಬಣ್ಣ ಬಳಿದಿದ್ದರು. ಅಷ್ಟು ಜೋಪಾನ.

ಬೆಳಿಗ್ಗೆ ಗುಡೋನ್ ತೆರೆದು ಮೊದಲು ಮಾಡುತ್ತಿದ್ದ ಕೆಲಸ ನೆಲಕ್ಕೆ ನೀರು ಹೊಯ್ಯುವುದು. ನೇಯ್ಗೆ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿ ಒಣಗಿದರೆ ನೂಲು ಹರಿಯುತ್ತದೆ. ಅದಕ್ಕೇ ಎಲ್ಲ ಗುಡೋನಿನಲ್ಲೂ ಬೆಳಗಾದರೆ ಬಕೆಟ್ಟು, ಮಗ್ಗು, ನೆಲವೆಲ್ಲ ಒದ್ದೆ. ಮಾವ ಲಯವಾಗಿ ಹೊಯ್ಯುತ್ತಿದ್ದರು, ಎಡಕ್ಕೊಂದು ಬಲಕ್ಕೊಂದು, ಸಾಲುಗಳ ನಡುವೆ ನಡೆದುಕೊಂಡೇ. ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ನಾವು ಚಪ್ಪಲಿ ಹೊರಗೆ ಬಿಟ್ಟು ಆ ನೆಲದ ಮೇಲೆ ಕಾಲಿಟ್ಟರೆ ಜೀವ ತಣ್ಣಗಾಗುತ್ತಿತ್ತು. ತರಿಗಳು ಹೋಗಿ, ನೂಲು ಹೋಗಿ, ಪೆಟ್ಟಿಗೆಗಳು ಬಂದ ಮೇಲೂ ನೀರು ನಿಲ್ಲಲಿಲ್ಲ. ಯಾರೂ ಯಾಕೆ ಅಂತ ಕೇಳಲಿಲ್ಲ. ತರಿ ಗುಡೋನಿಗೆ ಯಾಕೆ ನೀರು ಅಂತ ಕೇಳುವುದೂ ಬೆಳಿಗ್ಗೆ ಎದ್ದು ಯಾಕೆ ಹಲ್ಲುಜ್ಜುತ್ತೀರಿ ಅಂತ ಕೇಳುವುದೂ ನಮ್ಮೂರಲ್ಲಿ ಒಂದೇ.

ಈಗ ನನ್ನ ವಿಷಯ ಒಂದೆರಡು ಮಾತು ಹೇಳದೆ ಗತ್ಯಂತರವಿಲ್ಲ. ನಾನು ಪಟ್ಟಿಮನ್ರದವಳು. ವೇದಿಕೆಯ ಎರಡು ಕಡೆ ಕೂತು ವಾದ, ನಡುವೆ ತೀರ್ಪು ಕೊಡುವವರೊಬ್ಬರು, ಕೆಳಗೆ ನಗಲೆಂದೇ ಬಂದ ಜನ. ತಮಿಳುನಾಡಿನಲ್ಲಿ ಹಬ್ಬ ಬಂದರೆ ಟೀವಿಯಲ್ಲೂ ಅದೇ, ಬೀದಿಯಲ್ಲೂ ಅದೇ. ಶಾಲೆಯಿಂದಲೇ ನನಗೆ ಅದರ ಹುಚ್ಚು. ಯಾವ ಪಕ್ಷ ಕೊಟ್ಟರೂ ಮಾತಾಡುತ್ತಿದ್ದೆ, ಮನೆಗೆ ಬಂದ ಮೇಲೂ ನಿಲ್ಲಿಸುತ್ತಿರಲಿಲ್ಲ. ಯಾರು ಏನಂದರೂ ‘ಅದಕ್ಕೇನು ಆಧಾರ?’ ಅನ್ನುವ ಹುಡುಗಿಯನ್ನು ಮನೆಯಲ್ಲಿ ಎಷ್ಟು ಜನ ಸಹಿಸುತ್ತಾರೆ? ಮಾವ ಸಹಿಸಿದ್ದಲ್ಲ, ಕರೆದು ಕರೆದು ಕೂರಿಸಿಕೊಂಡರು. ವಕೀಲಿ ಓದಲು ಸೇರುವ ಎಷ್ಟೋ ಮೊದಲೇ ನನ್ನನ್ನು ‘ವಕ್ಕೀಲಮ್ಮಾ’ ಅಂತಿದ್ದರು.

ಒಮ್ಮೆ ಆಕಾಶನೌಕೆಯ ಆಟವನ್ನು ಫೋನಿಗೆ ಇಳಿಸಿಕೊಂಡು ಹೋಗಿ ಅವರ ಮೂಗಿನ ಮುಂದೆ ಹಿಡಿದೆ.

“ನೋಡಿ ಮಾವ. ಅದೇ ಬಂಡೆ, ಅದೇ ನೌಕೆ, ಅದೇ ಸದ್ದು. ನಿಮ್ಮ ಪೆಟ್ಟಿ ಇಲ್ಲದೇನೇ ಆಟ ಬಂತು.”

ಕನ್ನಡಕ ಏರಿಸಿ ನೋಡಿದರು. “ಬಂತು. ಎಲ್ಲಿ ನಿಂತ್ಕೊಂಡು ಆಡೋದು?”

“ಎಲ್ಲಾದರೂ.”

“ಸೋತ್ರೆ ಎಲ್ಲಿಗೆ ಹೊಡೆಯೋದು?”

“ಯಾಕೆ ಹೊಡೀಬೇಕು?”

“ಹೊಡೀದೆ ಹೆಂಗಮ್ಮಾ ಸೋಲೋದು?”

ನಾನು ಬಿಡಲಿಲ್ಲ. “ಮಾವ, ಆಟ ಅಂದ್ರೆ ಅದರ ನಿಯಮ, ಅಷ್ಟೇ. ಚದುರಂಗಾನ ಮಣ್ಣಲ್ಲಿ ಗೆರೆ ಎಳೆದು ಆಡಿದ್ರೂ ಚದುರಂಗವೇ, ದಂತದ ಕಾಯಿ ಇಟ್ಟು ಆಡಿದ್ರೂ ಚದುರಂಗವೇ. ಇರೋದೆಲ್ಲ ಒಳಗೆ. ಹೊರಗಿನ ಹಲಗೆ ಸುಮ್ಮನೆ ಹಲಗೆ.”

“ಅಪ್ಪುಡಿಯಾ? ನಿಮ್ಮಜ್ಜಿ ಮದುವೆ ಸೀರೆ ಬೀರುಲಿ ಐತೆ. ಅದ ಫೋಟೋ ತಕ್ಕೊ. ನಿನ್ ಕಲ್ಯಾಣಕ್ಕೆ ಫೋಟೋ ಉಟ್ಕೊ.”

“ಇದು ತಪ್ಪು ಹೋಲಿಕೆ.”

“ತಪ್ಪೋ ಸರಿಯೋ, ಉಟ್ಕೊತೀಯಾ ಇಲ್ವಾ? ಅದ ಸೊಲ್ಲು, ಅದ ಹೇಳು.”

ಅತ್ತೆ ಟೀ ತಟ್ಟೆ ಹಿಡಿದುಕೊಂಡೇ ನಕ್ಕು ನಕ್ಕು ಅರ್ಧ ಚೆಲ್ಲಿದರು. ಆ ದಿನ ಶುರುವಾದ ವಾದ ಅದು. ಹಬ್ಬಕ್ಕೆ ಸೇರಿದರೂ ಅದೇ, ಸಾವಿಗೆ ಸೇರಿದರೂ ಅದೇ. ಅಜ್ಜಿಯ ಹದಿಮೂರನೇ ದಿನದ ಊಟದಲ್ಲಿ ಎಲೆಯ ಮುಂದೆ ಕೂತು, “ಒಳಗಿಂದೇ ಜೀವ ಅಂತೀಯ ನೀ. ಸರಿ. ಜೀವಾನ ಯಾರು ನೋಡವ್ರೆ? ನಮ್ಮವ್ವ ಅಂದ್ರೆ ನಂಗೆ ಅವಳ ಮೂಗುತಿ, ಅವಳ ಬಾಗಿದ ಬೆನ್ನು. ಪೆಟ್ಟಿ ಹೋಯ್ತು, ಆಯ್ತು, ಹೋಯ್ತು” ಅಂದರು. ಅಮ್ಮ ಅವರ ಕೈಮೇಲೆ ಹೊಡೆದು ಸುಮ್ಮನಿರಿಸಿದಳು. ನನ್ನ ಹತ್ತಿರ ಅದಕ್ಕೆ ಒಳ್ಳೆಯ ಉತ್ತರ ಇತ್ತು. ಹೇಳಲಿಲ್ಲ, ಪಾಯಸ ಬಂತು.

ಹೀಗಿರುವಾಗ ಪ್ರಸನ್ನ ಬಂದ.

ಪ್ರಸನ್ನ ದಾವಣಗೆರೆ ಕಡೆಯವನು. ಕುರಿಚಿಯ ಒಂದು ಕಾರ್ಖಾನೆಗೆ ಇಂಜಿನಿಯರಾಗಿ ಬಂದು, ಅದನ್ನು ಬಿಟ್ಟು, ಗೆಳೆಯರ ಜೊತೆ ಸೇರಿ ಕೊಯಮತ್ತೂರಿನಲ್ಲಿ ಹಳೇ ಆಟಗಳ ಆರ್ಕೇಡ್ ತೆರೆಯುವ ತಯಾರಿಯಲ್ಲಿದ್ದ. ಗುಡೋನಿನ ವಿಡಿಯೋ ಯಾರೋ ಹಾಕಿದ್ದನ್ನು ನೋಡಿ ಬಂದವನು, ಒಳಗೆ ಕಾಲಿಟ್ಟವನೇ ದೇವಸ್ಥಾನಕ್ಕೆ ಬಂದವನ ಹಾಗೆ ಸಾಲಿನ ಕೊನೆಯವರೆಗೆ ನಡೆದು ವಾಪಸ್ ಬಂದ.

“ಸರ್, ಇವೆಲ್ಲ ಒರಿಜಿನಲ್ ಕ್ಯಾಬಿನೆಟ್ಟುಗಳಲ್ವಾ?”

ಮಾವ ನನ್ನ ಕಡೆ ತಿರುಗಿ, “ಎನ್ನ ಪಾಪ, ಇವ್ರ ಕನ್ನಡ ರೇಡಿಯೋ ಕನ್ನಡ ತರ ಐತೆ” ಅಂದರು. ಎನ್ನ ಪಾಪ ಅಂದರೆ ಏನು ಮಗು ಅಂತ. ಆಮೇಲೆ ಅವನಿಗೆ, “ಒರಿಜಿನಲ್ ಇಲ್ದೆ? ಒಂದು ಹಲಗೆ ಬದಲಾಯ್ಸಿಲ್ಲ.”

“ಅದಕ್ಕೇ ಸರ್ ಬಂದಿದ್ದು. ಒಳಗಿನ ಬೋರ್ಡು ಎಲ್ಲಿ ಬೇಕಾದರೂ ಸಿಗುತ್ತೆ, ನನ್ನ ಹತ್ತಿರಾನೇ ರಾಶಿ ಇದೆ. ಈ ಪೆಟ್ಟಿಗೆ ಇನ್ನೆಲ್ಲೂ ಸಿಗಲ್ಲ. ಜನ ಬರೋದೇ ಇದರ ಮುಂದೆ ನಿಲ್ಲೋಕೆ. ಇವನ್ನ ಹೀಗೇ ತಗೊಂಡು ಹೋಗಿ ಇಡ್ತೀವಿ. ನೀವೇ ಬಂದು ನೋಡ್ಕೋಬೇಕು. ಇವುಗಳ ಜೊತೆ ನೀವಿಲ್ಲದೇ ಆಗಲ್ಲ.”

ಮಾವ ಮೆಲ್ಲಗೆ ನನ್ನ ಕಡೆ ತಿರುಗಿದರು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹುಬ್ಬು ಎರಡೂ ಮೇಲೆ, ಬಾಯಿ ಬಿಗಿ, ನಗು ಹೊರಗೆ ಬಾರದಂತೆ ತಡೆದಿಟ್ಟ ಕೆನ್ನೆ. “ವಕ್ಕೀಲಮ್ಮಾ,” ಅಂದರು, “ತೀರ್ಪು ಬಂದಾಯ್ತು.”

ಮುಂದಿನ ದಿನಗಳಲ್ಲಿ ಮಾವ ಬೇರೆಯೇ ಮನುಷ್ಯ. ಮೂರು ದಶಕ ಓಡಾಡಿದ ದಾರಿಗೆ ಕೊಯಮತ್ತೂರಿನ ಬಸ್ಸು ಯಾವಾಗ ಯಾವಾಗ ಅಂತ ಸಿಕ್ಕವರನ್ನೆಲ್ಲ ಕೇಳಿದರು. ಅಲ್ಲಿ ಏನು ಕೆಲಸ ಅಂತ ಯಾರಾದರೂ ಕೇಳಿದರೆ, “ಕಾಪಾಡೋ ವೇಲೆ” ಅನ್ನುತ್ತಿದ್ದರು, ಅದೊಂದು ಹುದ್ದೆಯೇನೋ ಅನ್ನುವಂತೆ. ಅತ್ತೆ, “ಆಡೋಕೆ ಬರಲ್ಲ ಅಂತ ಅವ್ರಿಗೆ ಹೇಳಿದೀರಾ?” ಅಂತ ಕೆಣಕಿದರೆ, “ಆಡೋರು ಬೇಕಾದಷ್ಟು ಜನ ಬರ್ತಾರೆ. ನೋಡೋನು ನಾನೊಬ್ನೇ” ಅಂದರು. ನಾನೂ ಸೋಲೊಪ್ಪಿಕೊಂಡಿರಲಿಲ್ಲ. ಮಾರುಕಟ್ಟೆಯಲ್ಲಿ ಬೆಲೆ ಇದೆ ಅಂದಮಾತ್ರಕ್ಕೆ ವಾದ ಸರಿಯಾಗಿಬಿಡುವುದಿಲ್ಲ ಅಂತ ಮೆಸೇಜು ಕಳಿಸಿದೆ. ಅದಕ್ಕೆ ಅವರ ಉತ್ತರ ಒಂದು ಬಸ್ಸಿನ ಚಿತ್ರ.

ಸಾಗಿಸುವ ದಿನ ನಾನೂ ಹೋಗಿದ್ದೆ. ಗುಡೋನಿನ ಮುಂದೆ ಲಾರಿ. ಬಟ್ಟೆ ಬೇಲು ಹೊರುವ ನಮ್ಮೂರಿನ ಆಳುಗಳೇ ಬಂದಿದ್ದರು. ಮಾವ ಆ ಬೆಳಿಗ್ಗೆಯೂ ಎಂದಿನಂತೆ ನೆಲಕ್ಕೆ ನೀರು ಹೊಯ್ದಿದ್ದರು. ಮೊದಲು ಆಕಾಶನೌಕೆಯದು. “ಮೆಲ್ಲ ಮೆಲ್ಲ, ಹಿಂದಕ್ಕೆ ಒರಗಿಸ್ಕೊಂಡು” ಅಂತ ಮಾವ ಹೇಳುತ್ತಿದ್ದ ಹಾಗೆ ಇಬ್ಬರು ಅದನ್ನು ಹಿಂದಕ್ಕೆ ಬಾಗಿಸಿದರು.

ಪೆಟ್ಟಿಗೆ ಎದ್ದಿತು. ಅದರ ಅಡಿ ಏಳಲಿಲ್ಲ.

ಬುಡದ ಸುತ್ತ ಹೊಡೆದಿದ್ದ ಕಪ್ಪು ತಗಡು ಒಂದು ಕಡೆ ಕಿತ್ತು ಜೋತಾಡಿತು. ಅದರ ಹಿಂದೆ ಹಲಗೆ ಇರಬೇಕಾದ ಕಡೆ ಟೀಯಲ್ಲಿ ಅದ್ದಿಟ್ಟು ಮರೆತ ರಸ್ಕಿನಂಥದ್ದು ಏನೋ ಇತ್ತು. ಅದು ನೆಲದ ಮೇಲೇ ಉಳಿಯಿತು. ಮೇಲಿನ ಭಾಗ ನೋಡಿದರೆ ನೀಲಿ ನೌಕೆ, ಕೆಂಪು ಬೆಂಕಿ, ರೆಕ್ಕೆಯಲ್ಲಿ ಬಿಸಿಲಿಗೆ ಒಂಚೂರು ಮಾಸಿದ್ದು ಬಿಟ್ಟರೆ ಎಲ್ಲ ಹೊಸದರ ಹಾಗೆ. ಮೊಣಕಾಲಿನಿಂದ ಕೆಳಗೆ ಏನೂ ಉಳಿದಿರಲಿಲ್ಲ. ಆ ಪೆಟ್ಟಿಗೆಗಳೆಲ್ಲ ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯವು. ಅಂಥ ಹಲಗೆ ನೀರು ಕಂಡರೆ ಊದಿಕೊಂಡು ಪುಡಿಯಾಗುತ್ತದೆ.

ಪ್ರಸನ್ನ ಕುಕ್ಕರುಗಾಲಲ್ಲಿ ಕೂತು ಅದನ್ನು ಚಿವುಟಿ ನೋಡಿದ. ಒಳ್ಳೆಯ ಹುಡುಗ, ದನಿ ತಗ್ಗಿಸಿಯೇ ಕೇಳಿದ. “ಸರ್, ಇಲ್ಲಿ ಮಳೆ ನೀರು ನುಗ್ಗುತ್ತಾ?”

“ಇಲ್ಲ. ನಮ್ಮ ಗುಡೋನಿಗೆ ಒಂದು ಹನಿ ಬರಲ್ಲ.”

“ಮತ್ತೆ ಈ ತೇವ ಎಲ್ಲಿಂದ ಸರ್?”

ನಾವೆಲ್ಲ ಒದ್ದೆ ನೆಲದ ಮೇಲೆ ನಿಂತಿದ್ದೆವು. ಮಾವ ತಮ್ಮ ಪಾದಗಳನ್ನು ನೋಡಿಕೊಂಡರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಬೇಲು ಹೊರುವವರಿಗೂ ಅರ್ಥವಾಯಿತು. ಅವರೂ ತರಿ ಗುಡೋನಿನಲ್ಲಿ ಹುಟ್ಟಿ ಬೆಳೆದವರೇ.

“ಮಿಕ್ಕಿದ್ದೂ ಎತ್ತಿ ನೋಡಿ” ಅಂದರು ಮಾವ.

ಬೇಡ ಸರ್, ಆಮೇಲೆ ನೋಡೋಣ ಅಂದ ಪ್ರಸನ್ನ. ಮಾವ ಕೇಳಲಿಲ್ಲ. ಒಂದೊಂದನ್ನೂ ಬಾಗಿಸಲು ಹೇಳಿದರು, ಪ್ರತಿಸಲ ತಾವೇ ಬಗ್ಗಿ ನೋಡಿದರು. ಸ್ವಲ್ಪ ಹೆಚ್ಚು ಸ್ವಲ್ಪ ಕಡಿಮೆ, ಎಲ್ಲದರ ಬುಡವೂ ಹಾಗೇ. ಒಂದು ಸಲ ಜರುಗಿಸಿದ್ದರೆ ಯಾವಾಗಲೋ ಗೊತ್ತಾಗುತ್ತಿತ್ತು. ಬಣ್ಣ ಕೆಡಬಾರದು ಅಂತ ಜರುಗಿಸಲಿಲ್ಲ. ತಗಡು ಹೊಡೆಯದಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು. ಒದೆತ ತಾಗಬಾರದು ಅಂತ ತಗಡು ಹೊಡೆದರು.

ಪ್ರಸನ್ನ ಆಮೇಲೆ ಮಾವನ ಪಕ್ಕ ಕೂತು ಬಹಳ ಹೊತ್ತು ಮಾತಾಡಿದ. ಗಾಜುಗಳು, ಕೋಲುಗಳು, ಬೋರ್ಡುಗಳು ಎಲ್ಲ ಚೆನ್ನಾಗಿವೆ. ಇದೇ ಅಳತೆಗೆ ಒಳ್ಳೆಯ ಪ್ಲೈವುಡ್ಡಿನಲ್ಲಿ ಹೊಸ ಪೆಟ್ಟಿಗೆ ಮಾಡಿಸಬಹುದು. ಚಿತ್ರಗಳನ್ನು ಫೋಟೋ ತೆಗೆದು ಸ್ಟಿಕ್ಕರ್ ಮಾಡಿಸಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನೀವು ಬರುವ ಮಾತು ಹಾಗೇ ಇದೆ ಸರ್.

ನಾನು ಇಷ್ಟು ವರ್ಷ ಹೇಳಿದ್ದನ್ನೇ ಅವನು ಹೇಳುತ್ತಿದ್ದ. ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ.

“ಹಂಗೇ ಮಾಡಪ್ಪಾ” ಅಂದರು ಮಾವ. “ನಾ ಬರಲ್ಲ. ಒಳಗಿಂದು ನಂಗೇನು ಗೊತ್ತು?”

ಒಳಗಿನದೆಲ್ಲ ಬಿಚ್ಚಿಕೊಂಡು ಲಾರಿ ಹೋಯಿತು. ಖಾಲಿ ಪೆಟ್ಟಿಗೆಗಳು ಒಂದಷ್ಟು ದಿನ ಗುಡೋನಿನಲ್ಲೇ ಒರಗಿಕೊಂಡಿದ್ದವು. ಮೇಲಿನ ಅರ್ಧವನ್ನಾದರೂ ಕುಯ್ದು ಇಟ್ಟುಕೊಳ್ಳೋಣ, ಗೋಡೆಗೆ ಹಾಕೋಣ ಅಂತ ನಾನು ಹೇಳಿದೆ. “ಅರ್ಧ ಯಾಕೆ?” ಅಂದರು. ನೂಲಿಗೆ ಗಂಜಿ ಹಾಕುವ ಮಿಲ್ಲಿನ ಬಾಯ್ಲರಿಗೆ ಸೌದೆ ಬೇಕಾಗಿಯೇ ಇರುತ್ತದೆ. ಗಾಡಿ ಕರೆಸಿ ತಾವೇ ನಿಂತು ತುಂಬಿಸಿದರಂತೆ. ಅದಾದ ಮೇಲೂ ಬೆಳಿಗ್ಗೆ ಕೈ ತಾನಾಗಿ ಬಕೆಟ್ಟಿಗೆ ಹೋಗುತ್ತಿತ್ತು ಅಂತ ಅತ್ತೆ ಹೇಳಿದರು. ತುಂಬಿಕೊಂಡು ಗುಡೋನಿನ ಬಾಗಿಲವರೆಗೆ ಬರುವುದು, ನಿಲ್ಲುವುದು, ವಾಪಸ್ ಹೋಗಿ ನುಗ್ಗೆ ಮರಕ್ಕೆ ಸುರಿಯುವುದು. “ಆ ಮರ ಈ ಸಲ ಎಷ್ಟು ಕಾಯಿ ಬಿಟ್ಟಿದೆ ನೋಡು ಪಾಪ” ಅಂತ ಅತ್ತೆ ತೋರಿಸಿದಾಗ ಮಾವ ಎದ್ದು ಒಳಗೆ ಹೋದರು.

ನಾನು ಅವರ ಪರವಾಗಿ ಮನಸ್ಸಿನಲ್ಲೇ ಎಷ್ಟೋ ಸಲ ವಾದ ಕಟ್ಟಿದ್ದೇನೆ. ಅಂಥ ಹಲಗೆಯಲ್ಲಿ ಪೆಟ್ಟಿಗೆ ಮಾಡಿದವರದು ತಪ್ಪು. ಅಪ್ಪ ಹೊಯ್ದ, ತಾತ ಹೊಯ್ದ, ಕೈಮಗ್ಗದ ಗುಂಡಿಯ ಕಾಲದಿಂದ ಊರೆಲ್ಲ ಹೊಯ್ದ ನೀರು ಅದು, ಒಬ್ಬ ಮನುಷ್ಯನ ಕೈಯದಲ್ಲ. ಗುಜರಿಯವರು ಒಯ್ದಿದ್ದರೆ ಅವು ಅಷ್ಟು ದಿನವೂ ಬಾಳುತ್ತಿರಲಿಲ್ಲ. ಎಲ್ಲ ಒಳ್ಳೆಯ ಅಂಶಗಳೇ. ವೇದಿಕೆಯ ಮೇಲಾದರೆ ಚಪ್ಪಾಳೆ ಗ್ಯಾರಂಟಿ. ಮಾವನ ಮುಂದೆ ಹೇಳಲು ಹೋದಾಗಲೆಲ್ಲ, “ಪರವಾಯಿಲ್ಲೆ ಬಿಡು” ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಮೊದಲಾಗಿದ್ದರೆ ಆ ಮೂರೂ ಅಂಶವನ್ನು ಕಿತ್ತು ಕೈಗೆ ಕೊಡುತ್ತಿದ್ದರು.

ಆರ್ಕೇಡ್ ತೆರೆದ ಮೇಲೆ ಪ್ರಸನ್ನ ಅವರನ್ನು ಎಷ್ಟು ಸಲ ಕರೆದನೋ. ಕೊನೆಗೆ ನಾನೇ ಒಂದು ಶನಿವಾರ ಹೊರಡಿಸಿಕೊಂಡು ಹೋದೆ. ಅದೇ ನಾವಿಬ್ಬರೂ ಒಟ್ಟಿಗೆ ಓಡಾಡಿದ ಕೊನೆಯ ದಿನ.

ಜಾಗ ಚೆನ್ನಾಗಿತ್ತು. ಎಸಿ, ಮಂದ ಬೆಳಕು, ಕಾಲೇಜು ಹುಡುಗರ ಗುಂಪು. ಮಾವನ ಯಂತ್ರಗಳು ಒಂದು ಗೋಡೆಗೆ ಸಾಲಾಗಿ ನಿಂತಿದ್ದವು. ಬಡಗಿ ಕೆಲಸ ನಾಜೂಕು, ಚಿತ್ರಗಳು ಮೊದಲಿಗಿಂತ ಹೊಳಪು. ಪ್ರಸನ್ನ ಮಾವನಿಗೆ ಕುರ್ಚಿ ತರಿಸಿ, ಅಲ್ಲಿದ್ದವರಿಗೆಲ್ಲ ಇವರು ಯಾರು ಅಂತ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಹೇಳಿದ. ಯಾರೋ ಸೆಲ್ಫಿ ತೆಗೆದುಕೊಂಡರು. ಮಾವ ಕೈಮುಗಿದು ನಿಂತಿದ್ದರು. ಆಕಾಶನೌಕೆಯ ಮುಂದೆ ಒಂದು ಹುಡುಗಿ ಚೆನ್ನಾಗಿ ಆಡುತ್ತಿದ್ದಳು. ಮಾವ ಅವಳ ಹಿಂದೆ ನಿಂತು ಮೊದಲ ಸಲ ಪರದೆಯನ್ನೇ ನೋಡುತ್ತಿದ್ದರು. ಪೆಟ್ಟಿಗೆಯ ಪಕ್ಕೆಯ ಕಡೆ ಅವರ ಕಣ್ಣು ಹೋಗಲೇ ಇಲ್ಲ. ನಾನು ಕಾದು ನೋಡಿದೆ.

ಹೊರಗೆ ಬಂದು ಎದುರಿನ ಬೇಕರಿಯಲ್ಲಿ ಟೀ, ತೆಂಗಿನಕಾಯಿ ಬನ್ನು ತೆಗೆದುಕೊಂಡೆವು. ಇವತ್ತಾದರೂ ವಾದ ಶುರುಮಾಡುತ್ತಾರೆ ಅಂತ ನಾನು ಕಾಯುತ್ತಿದ್ದೆ. ಮಾಡಲಿಲ್ಲ. ಕೊನೆಗೆ ನಾನೇ ಕೇಳಿದೆ.

“ಹೆಂಗಿತ್ತು ಮಾವ?”

“ನಲ್ಲಾ ಇತ್ತು. ನೀ ಅಂದಿದ್ದು ಸರಿ. ಆಟ ಅದೇ. ಪೆಟ್ಟಿ ಯಾವ್ದಾದ್ರೆ ಏನು?”

ಇಷ್ಟು ವರ್ಷ ಕೇಳಬೇಕು ಅಂತ ಕಾದಿದ್ದ ಮಾತು. ಕೇಳಿದ ಕೂಡಲೇ ಮೈಯೆಲ್ಲ ಉರಿಯಿತು.

“ಏನು ಸರಿ ಮಾವ? ಅದೇ ಅಂತ ಹೆಂಗೆ ಹೇಳ್ತೀರಿ? ಆ ಸ್ಟಿಕ್ಕರ್ ನೋಡಿದ್ರಾ? ನೌಕೆ ರೆಕ್ಕೆಲಿ ಬಿಸಿಲಿಗೆ ಮಾಸಿದ ಜಾಗ ಇತ್ತು, ಅದೆಲ್ಲಿ? ಆ ಹುಡುಗಿಗೆ ಅದೊಂದು ಟೀವಿ, ಅಷ್ಟೇ. ಚದುರಂಗ ಹೆಂಗಾದ್ರೂ ಆಡಬಹುದು, ಒಪ್ಪಿದೆ. ಆದರೆ ಇದನ್ನ ಮಾಡಿದೋರು ಬರೀ ನಿಯಮ ಮಾಡ್ಲಿಲ್ಲ. ಎಷ್ಟೆತ್ತರಕ್ಕೆ ಕೈ ಬರಬೇಕು, ಎಲ್ಲಿಂದ ಬೆಳಕು ಬೀಳಬೇಕು, ದೂರದಿಂದ ಬರೋನಿಗೆ ಮೊದಲು ಏನು ಕಾಣಬೇಕು, ಅದೂ ಆಟಾನೇ. ಪೆಟ್ಟಿ ನೋಡೋಕೇ ಅಂತ ಗಾಂಧಿಪುರಕ್ಕೆ ಹೋಗ್ತಿದ್ದೋನಿಗೆ ಅದು ಆಟದ ಅರ್ಧ ಅಲ್ವಾ? ಆ ಅರ್ಧಾನ ಫೋಟೋ ತೆಗೆದು ಅಂಟಿಸಿದ್ರೆ ಆಯ್ತಾ?”

ನಿಲ್ಲಿಸದೆ ಮಾತಾಡಿದೆ. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ನನ್ನ ಜೀವನದಲ್ಲಿ ಅದಕ್ಕಿಂತ ಚೆನ್ನಾಗಿ ಎಲ್ಲೂ ಮಾತಾಡಿಲ್ಲ, ಒಂದೊಂದು ಮಾತನ್ನೂ ನಂಬಿ ಆಡಿದ್ದೂ ಅದೇ ಮೊದಲು. ಮಾವ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು.

“ನಲ್ಲಾ ಪೇಸಿದೆ” ಅಂದರು. ಚೆನ್ನಾಗಿ ಮಾತಾಡಿದೆ ಅಂತ. ಆಮೇಲೆ ಬನ್ನನ್ನು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. “ಈಗ ನಾ ಒಂದು ಕೇಳ್ತೀನಿ. ಪೆಟ್ಟೀನೇ ಮುಖ್ಯ ಅಂದ್ರೆ, ದಿನಾ ಬೆಳಗಾಗೆದ್ದು ನೀರು ಹೊಯ್ದು ನನ್ ಕೈಯಾರೆ ಅದ ಕೊಂದೆ. ಆಟಾನೇ ಮುಖ್ಯ ಅಂದ್ರೆ, ನಾ ಏನೂ ಕೆಡಿಸ್ಲಿಲ್ಲ. ಎಲ್ಲಾ ಹಂಗೇ ಐತೆ, ಹುಡುಗ್ರು ಆಡ್ತಾವ್ರೆ. ನೀ ವಕ್ಕೀಲು. ಯಾವ ಕಡೆ ಗೆಲ್ಲಿಸ್ತೀಯ, ಸೊಲ್ಲು.”

ಅವರು ವಾದಕ್ಕೆ ಕೇಳುತ್ತಿರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದರು.

“ಆಟ, ಮಾವ” ಅಂದೆ. “ಪೆಟ್ಟಿ ಯಾವುದಾದರೂ ಒಂದೇ. ಮೊದಲಿಂದ ನಾನು ಹೇಳ್ತಾ ಬಂದಿದ್ದು ಅದೇ ಅಲ್ವಾ.”

ಮಾವ ಬನ್ನಿನ ತುಂಡನ್ನು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ನುಂಗಿದರು.

“ಅದೇ ನಾನೂ ಹೇಳ್ತಿರೋದು” ಅಂದರು.